ಅಂಗಡಿ ಇಲ್ಲಿ, ಮೆಷಿನ್ನು ಬೆಂಗಳೂರಲ್ಲಿ: ಲೇಬಲ್ ಲೆಕ್ಕದಿಂದ ರೇಖಾತ್ಮಕ ಸಮೀಕರಣಗಳ ಪಾಠ

ಹತ್ತನೇ ತರಗತಿಯ ಗಣಿತದಲ್ಲಿ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು’ ಘಟಕದ ಲೆಕ್ಕಗಳನ್ನು ಮಕ್ಕಳು ಹೆಚ್ಚು ಕಷ್ಟವಿಲ್ಲದೆ ಬಿಡಿಸುತ್ತಾರೆ. ನಾನು ಇಂಟರ್ನ್‌ಷಿಪ್‌ಗೆ ಹೋದ, ತಿಪಟೂರಿಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲೂ ಹಾಗೆಯೇ ಇತ್ತು. ಆದೇಶ ವಿಧಾನ, ವರ್ಜಿಸುವ ವಿಧಾನ ಎರಡನ್ನೂ ಮಾರ್ಗದರ್ಶಕ ಶಿಕ್ಷಕರು ಮೊದಲೇ ಮುಗಿಸಿದ್ದರು. ಕೊಟ್ಟ ಜೋಡಿಗೆ ಉತ್ತರ ತರುವುದರಲ್ಲಿ ತೊಂದರೆ ಇರಲಿಲ್ಲ. ಆದರೆ ಸಮೀಕರಣದಲ್ಲಿ ಚರಾಕ್ಷರವಿಲ್ಲದೆ ಒಂಟಿಯಾಗಿ ನಿಂತಿರುವ ಸಂಖ್ಯೆ, ಅಂದರೆ ಸ್ಥಿರಪದ, ಏನನ್ನು ಹೇಳುತ್ತದೆ ಎಂದು ಪೂರ್ವಪರೀಕ್ಷೆಯಲ್ಲಿ ಕೇಳಿದಾಗ ‘ಅದು ಬಲಗಡೆಗೆ ಹೋಗುವ ಸಂಖ್ಯೆ’ ಎಂಬ ಉತ್ತರವೇ ಹೆಚ್ಚಾಗಿ ಬಂತು. ನಕ್ಷೆಯಲ್ಲಿ ಎರಡು ಗೆರೆಗಳು ಸೇರುವ ಬಿಂದುವಿಗೆ ಸೊನ್ನೆ ಸುತ್ತುತ್ತಿದ್ದರು. ಆ ಬಿಂದುವಿನಲ್ಲಿ ಏನಾಯಿತು ಎಂದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಆಟೋ ಅಥವಾ ಟ್ಯಾಕ್ಸಿ ಬಾಡಿಗೆ: ಹತ್ತಿದ ಕೂಡಲೇ ಇಷ್ಟು, ಆಮೇಲೆ ಕಿಲೋಮೀಟರಿಗೆ ಇಷ್ಟು. ನಮ್ಮ ಶಾಲೆಯ ಮಕ್ಕಳು ಓಡಾಡುವುದು ಶೇರ್ ಆಟೋದಲ್ಲಿ. ಅಲ್ಲಿ ಮೀಟರೂ ಇಲ್ಲ, ಕನಿಷ್ಠ ದರವೂ ಇಲ್ಲ, ತಲೆಗೆ ಇಷ್ಟು ಎಂದು ಕೊಟ್ಟು ಇಳಿಯುವುದು. ಹಾಗಾಗಿ ಬೇರೆ ವಸ್ತು ಹುಡುಕಿದೆ. ತಿಪಟೂರಿನ ಸುತ್ತ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಈಚಿನ ವರ್ಷಗಳಲ್ಲಿ ಗಾಣದ ಕೊಬ್ಬರಿ ಎಣ್ಣೆ ತೆಗೆದು ಬಾಟಲಿ ತುಂಬಿಸಿ ಮಾರುವ ಮನೆಗಳೂ ಆಗಿವೆ. ತರಗತಿಯಲ್ಲೇ ಅಂಥ ಮನೆಯ ಹುಡುಗಿ ಒಬ್ಬಳಿದ್ದಳು. ಬಾಟಲಿ ಎಂದರೆ ಅದರ ಮೇಲೊಂದು ಲೇಬಲ್ ಬೇಕು. ಆ ಲೇಬಲ್ಲಿನ ಖರ್ಚಿನಲ್ಲಿ ನನಗೆ ಬೇಕಾದ ಸ್ಥಿರಪದ ಸಿಕ್ಕಿತು.

ಅಂಗಡಿಯಲ್ಲಿ ಕೇಳಿ ತಿಳಿದದ್ದು

ಪಾಠಕ್ಕೆ ಮುಂಚೆ ಬಿ.ಎಚ್. ರಸ್ತೆಯ ಒಂದು ಬೋರ್ಡು, ಸ್ಟಿಕ್ಕರ್ ಅಂಗಡಿಗೆ ಎರಡು ಸಂಜೆ ಹೋಗಿದ್ದೆ. ಅಂಗಡಿಯವರು ಕುಂಚ ಹಿಡಿದು ಗೋಡೆ ಬರಹ ಬರೆಯುತ್ತಾ ಈ ಕಸುಬಿಗೆ ಬಂದವರು. ಈಗ ಅವರ ಬಳಿ ಒಂದು ಕಂಪ್ಯೂಟರ್, ವಿನೈಲ್ ಕತ್ತರಿಸುವ ಪ್ಲಾಟರ್, ಎ4 ಅಳತೆಯ ಒಂದು ಕಲರ್ ಪ್ರಿಂಟರ್ ಇವೆ. ಹೊರಗಿನ ಬೋರ್ಡಿನಲ್ಲಿ ‘ಎಲ್ಲಾ ರೀತಿಯ ಲೇಬಲ್, ಸ್ಟಿಕ್ಕರ್, ವಿಸಿಟಿಂಗ್ ಕಾರ್ಡ್ ಮಾಡಿಕೊಡಲಾಗುತ್ತದೆ’ ಎಂದಿದೆ.

“ಲೇಬಲ್ ಇಲ್ಲೇ ಪ್ರಿಂಟ್ ಮಾಡ್ತೀರಾ ಅಣ್ಣ?” ಎಂದೆ.

“ಇಲ್ಲ ಮೇಡಂ. ಡಿಸೈನ್ ಮಾತ್ರ ಇಲ್ಲಿ. ಪ್ರಿಂಟು, ಕಟಿಂಗು ಎಲ್ಲ ಬೆಂಗಳೂರಲ್ಲಿ. ನೂರರೊಳಗೆ ಅಂದ್ರೆ ಮಾತ್ರ ಈ ಪ್ರಿಂಟರಲ್ಲೇ ಹೊಡೆದು ಕತ್ರಿಸಿ ಕೊಡ್ತೀನಿ. ನೂರು ದಾಟಿದ್ರೆ ಇಲ್ಲಿ ಮಾಡಿದ್ರೆ ಗಿಟ್ಟಲ್ಲ.”

ಈ ‘ನೂರು’ ಅವರಿಗೆ ಹೇಗೆ ಬಂತು ಎಂಬುದೇ ನನ್ನ ಮೊದಲ ಎರಡು ಅವಧಿಗಳ ಪಾಠವಾಯಿತು. ಅವರು ಯಾವ ಸಮೀಕರಣವನ್ನೂ ಬರೆದವರಲ್ಲ. ವರ್ಷಗಟ್ಟಲೆ ಲಾಭ ನಷ್ಟ ನೋಡಿ ಆ ಸಂಖ್ಯೆಗೆ ಬಂದು ನಿಂತಿದ್ದಾರೆ.

ಅವರ ವ್ಯವಹಾರ ಹೀಗೆ. ಗಿರಾಕಿ ಬಂದು ಹೇಳಿದ್ದನ್ನು ಕೋರೆಲ್‌ಡ್ರಾದಲ್ಲಿ ವಿನ್ಯಾಸ ಮಾಡುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಗೆ ಪಡೆಯುತ್ತಾರೆ, ಫೈಲನ್ನು ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆಯ ಹೋಲ್‌ಸೇಲ್ ಪ್ರಿಂಟರಿಗೆ ಕಳುಹಿಸುತ್ತಾರೆ. ಮುದ್ರಣವಾದ ಹಾಳೆಗಳು ಪಾರ್ಸೆಲ್‌ನಲ್ಲಿ ತಿಪಟೂರಿಗೆ ಬರುತ್ತವೆ. ಆ ಹೋಲ್‌ಸೇಲಿನವರು ಅಂಗಡಿಯವರೊಡನೆ ಮಾತ್ರ ವ್ಯವಹರಿಸುತ್ತಾರೆ, ನೇರ ಗಿರಾಕಿಯ ಸಣ್ಣ ಕೆಲಸ ಹಿಡಿಯುವುದಿಲ್ಲ. ಕ್ಯಾಲೆಂಡರ್ ಕೆಲಸ ಬಂದರೆ ಅದು ಇನ್ನೂ ದೂರ, ಶಿವಕಾಶಿಗೆ ಹೋಗುತ್ತದೆ. (ಶಿವಕಾಶಿಯ ಮುದ್ರಣ ಉದ್ಯಮ ಬೆಳೆದದ್ದೇ ಬೆಂಕಿಪೊಟ್ಟಣ ಮತ್ತು ಪಟಾಕಿಗಳಿಗೆ ಲೇಬಲ್ ಬೇಕಾದದ್ದರಿಂದ. ಇದನ್ನು ಹೇಳಿದಾಗ ಮಕ್ಕಳು ನಂಬಲಿಲ್ಲ. ಮರುದಿನ ಒಬ್ಬ ಬೆಂಕಿಪೊಟ್ಟಣ ತಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.)

ಕೆಳಗಿನ ಬೆಲೆಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ನಾನು ಪೂರ್ಣಗೊಳಿಸಿಕೊಂಡಿದ್ದೇನೆ. ಇವನ್ನು ಯಾರೂ ಪೇಟೆ ದರ ಎಂದು ತಿಳಿಯಬಾರದು. ಈ ಪಾಠ ಮಾಡುವವರು ತಮ್ಮೂರಿನ ಅಂಗಡಿಯಲ್ಲಿ ಕೇಳಿಯೇ ಸಂಖ್ಯೆ ತುಂಬಿಕೊಳ್ಳುವುದು ಒಳ್ಳೆಯದು.

ಮೊದಲ ಅವಧಿ: ಒಂದು ಹಾಳೆಯಲ್ಲಿ ಎಷ್ಟು?

ಐದು ‘ಇ’ ಮಾದರಿಯಲ್ಲಿ ಪಾಠಯೋಜನೆ ಬರೆದಿದ್ದೆ. ತೊಡಗಿಸಿಕೊಳ್ಳುವ ಹಂತಕ್ಕೆ ಬೇರೇನೂ ಬೇಕಾಗಲಿಲ್ಲ, ಮೇಜಿನ ಮೇಲೆ ಎಣ್ಣೆ, ಜೇನು, ಉಪ್ಪಿನಕಾಯಿಯ ಮೂರು ಬಾಟಲಿಗಳನ್ನಿಟ್ಟೆ. ಮೂರರ ಲೇಬಲ್ಲುಗಳ ಅಳತೆಯೂ ಒಂದೇ ಎಂಬುದನ್ನು ಹಿಂದಿನ ಬೆಂಚಿನ ಹುಡುಗ ಸ್ಕೇಲ್ ಇಟ್ಟು ಕಂಡುಹಿಡಿದ. 2.25 ಇಂಚು ಅಗಲ, 3.5 ಇಂಚು ಎತ್ತರ. “ಮೂರೂ ಬೇರೆ ಬೇರೆ ಮನೆಯವರದು, ಅಳತೆ ಮಾತ್ರ ಒಂದೇ ಯಾಕೆ ಮಿಸ್?” ಎಂಬ ಅವನ ಪ್ರಶ್ನೆಯನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆದು ಮೂರನೇ ಅವಧಿಯವರೆಗೆ ಹಾಗೇ ಬಿಟ್ಟೆ.

ನಂತರ ಗುಂಪುಗಳಿಗೆ ಹಳೆಯ ರಟ್ಟಿನಲ್ಲಿ ಕತ್ತರಿಸಿದ ಲೇಬಲ್ ಅಚ್ಚನ್ನೂ ಒಂದೊಂದು ಎ4 ಹಾಳೆಯನ್ನೂ ಕೊಟ್ಟು, ಹೆಚ್ಚೆಂದರೆ ಎಷ್ಟು ಕೂರುತ್ತವೆ ನೋಡಿ ಎಂದೆ. ಎ4 ಎಂದರೆ ಸುಮಾರು 8.27 ಇಂಚು ಅಗಲ, 11.69 ಇಂಚು ಉದ್ದ. ಲೇಬಲನ್ನು ನೆಟ್ಟಗೆ ಇಟ್ಟರೆ ಅಡ್ಡಕ್ಕೆ 3, ಉದ್ದಕ್ಕೆ 3, ಒಟ್ಟು 9. ಒಂದು ಗುಂಪು ಲೇಬಲನ್ನು ಮಲಗಿಸಿ ಅಡ್ಡಕ್ಕೆ 2, ಉದ್ದಕ್ಕೆ 5, ಒಟ್ಟು 10 ಕೂರಿಸಿತು. ಜಗಳವೇ ಆಯಿತು. ಆಗ ಅಂಗಡಿಯವರು ಹೇಳಿದ್ದ ಒಂದು ವಿಷಯ ಸೇರಿಸಿದೆ: ಪ್ರಿಂಟರ್ ಹಾಳೆಯ ಅಂಚಿನವರೆಗೆ ಮುದ್ರಿಸುವುದಿಲ್ಲ, ಎರಡು ಕಡೆಯೂ ಕಾಲು ಕಾಲು ಇಂಚು ಬಿಡಬೇಕು. ಉಳಿಯುವ ಉದ್ದ 11.19 ಇಂಚು. ಐದು ಲೇಬಲ್ಲಿಗೆ ಬೇಕಾದದ್ದು 11.25 ಇಂಚು. 0.06 ಇಂಚಿಗಾಗಿ ಹತ್ತನೆಯದು ತಪ್ಪಿತು. ದಶಮಾಂಶದ ಎರಡನೇ ಸ್ಥಾನಕ್ಕೆ ಈ ತರಗತಿಯಲ್ಲಿ ಇಷ್ಟು ಬೆಲೆ ಬಂದದ್ದನ್ನು ನಾನು ಬೇರೆ ಯಾವ ಪಾಠದಲ್ಲೂ ನೋಡಿಲ್ಲ.

ಹೋಲ್‌ಸೇಲಿನವರ ಹಾಳೆ ದೊಡ್ಡದು. ಮುದ್ರಣಕ್ಕೆ ಸಿಗುವ ಜಾಗವೇ 12 ಇಂಚು, 18 ಇಂಚು. ಇಲ್ಲಿ ನೆಟ್ಟಗೆ ಇಟ್ಟರೆ 5 × 5 = 25, ಮಲಗಿಸಿದರೆ 3 × 8 = 24. ನೆಟ್ಟಗೆ ಇಟ್ಟಾಗ ಅಗಲದಲ್ಲಿ ಮುಕ್ಕಾಲು ಇಂಚು, ಉದ್ದದಲ್ಲಿ ಅರ್ಧ ಇಂಚು ಮಿಗುತ್ತದೆ. ಆ ಮಿಕ್ಕಿದ್ದೇ ಲೇಬಲ್ಲುಗಳ ನಡುವಿನ ಸಂದಿಗೆ ಆಗುತ್ತದೆ. ಮೇಲಿನ ಪದರ ಮಾತ್ರ ಕತ್ತರಿಸಿ ಕೆಳಗಿನ ಮೇಣದ ಕಾಗದವನ್ನು ಉಳಿಸುವ ಕೆಲಸಕ್ಕೆ ‘ಹಾಫ್ ಕಟ್’ ಎನ್ನುತ್ತಾರೆ. ಅದಕ್ಕೆ ಸಂದಿ ಬೇಕು.

ಈ ಅವಧಿಯಲ್ಲಿ ಸಮೀಕರಣದ ಮಾತೇ ಬರಲಿಲ್ಲ ಎಂದು ವೀಕ್ಷಣೆಗೆ ಕೂತಿದ್ದ ಸಹಪಾಠಿ ಟಿಪ್ಪಣಿ ಬರೆದಿದ್ದಾರೆ. ನಿಜ. ಆದರೆ ಒಂದು ಲೇಬಲ್ಲಿಗೆ ತಗಲುವ ಖರ್ಚು, ಅಂದರೆ ಸಹಗುಣಕ, ಹಾಳೆಯ ಬೆಲೆಯನ್ನು 9ರಿಂದಲೋ 25ರಿಂದಲೋ ಭಾಗಿಸಿದಾಗಲೇ ಬರುವುದು. ಅದನ್ನು ಕೈಯಿಂದ ಮಾಡದೆ ನೇರವಾಗಿ ಕೊಟ್ಟಿದ್ದರೆ ಅದೂ ‘ಎಡಗಡೆಯ ಸಂಖ್ಯೆ’ ಆಗಿಯೇ ಉಳಿಯುತ್ತಿತ್ತು.

ಎರಡನೇ ಅವಧಿ: ಮೂರು ದಾರಿ, ಮೂರು ಗೆರೆ

ಎಕ್ಸ್, ವೈ ಬದಲು ಲೇಬಲ್ಲುಗಳ ಸಂಖ್ಯೆಗೆ ‘ಲ’, ಒಟ್ಟು ವೆಚ್ಚಕ್ಕೆ ‘ವ’ ಎಂದು ಬರೆದೆ. ಪರೀಕ್ಷೆಗೆ ತೊಂದರೆಯಾಗುತ್ತದೆಯೇ ಎಂಬ ಅಳುಕು ಮಾರ್ಗದರ್ಶಕ ಶಿಕ್ಷಕರಿಗಿತ್ತು. ಅವಧಿಯ ಕೊನೆಯಲ್ಲಿ ಅದೇ ಸಮೀಕರಣಗಳನ್ನು ಪುಸ್ತಕದ ಅಕ್ಷರಗಳಲ್ಲಿ ಮತ್ತೊಮ್ಮೆ ಬರೆಸಿದ ಮೇಲೆ ಒಪ್ಪಿದರು.

ಮೊದಲ ದಾರಿ, ಅಂಗಡಿಯ ಸ್ವಂತ ಪ್ರಿಂಟರ್. ಸ್ಟಿಕ್ಕರ್ ಹಾಳೆಗೆ ₹10, ಇಂಕಿಗೆ ₹8, ಕೈಯಲ್ಲಿ ಕತ್ತರಿಸುವ ಕೂಲಿ ₹9, ಒಟ್ಟು ಹಾಳೆಗೆ ₹27. ಒಂಬತ್ತರಿಂದ ಭಾಗಿಸಿದರೆ ಲೇಬಲ್ಲಿಗೆ ₹3.

ವ = 3ಲ

ಎರಡನೇ ದಾರಿ, ಬೆಂಗಳೂರಿನ ಡಿಜಿಟಲ್ ಮೆಷಿನ್. ಹಾಫ್ ಕಟ್ ಸೇರಿ ಹಾಳೆಗೆ ₹30, ಅಂದರೆ ಲೇಬಲ್ಲಿಗೆ ₹1.20. ಜೊತೆಗೆ ಫೈಲ್ ಹಾಕುವುದಕ್ಕೆ ₹60, ಪಾರ್ಸೆಲ್ಲಿಗೆ ₹120. ಒಂದು ಲೇಬಲ್ ತರಿಸಿದರೂ ನೂರು ತರಿಸಿದರೂ ಈ ₹180 ತಪ್ಪುವುದಿಲ್ಲ.

ವ = 1.2ಲ + 180

ಮೂರನೇ ದಾರಿ, ಆಫ್‌ಸೆಟ್. ಇಲ್ಲಿ ಬಣ್ಣಕ್ಕೊಂದು ಪ್ಲೇಟ್ ಬೇಕು. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು. ಒಂದಕ್ಕೆ ₹300ರಂತೆ ₹1200. ಕತ್ತರಿಸುವ ಡೈಗೆ ₹800. ಫೈಲು, ಪಾರ್ಸೆಲ್ಲಿಗೆ ಅದೇ ₹180. ಮೆಷಿನ್ ಓಡತೊಡಗಿದ ಮೇಲೆ ಮಾತ್ರ ಲೇಬಲ್ಲಿಗೆ ಬರಿ 40 ಪೈಸೆ.

ವ = 0.4ಲ + 2180

ನಾಲ್ಕು ಬಣ್ಣದ ಪ್ಲೇಟಿನ ಮಾತು ಬಂದಾಗ ಭೌತಶಾಸ್ತ್ರ ಓದಿದವಳಾಗಿ ಸುಮ್ಮನಿರಲಾಗಲಿಲ್ಲ. ಮೊಬೈಲಿನ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸಿ ಬಣ್ಣ ತೋರಿಸುತ್ತದೆ, ಶಾಯಿ ಬೆಳಕನ್ನು ಹೀರಿ ಬಣ್ಣ ತೋರಿಸುತ್ತದೆ. ಪರದೆಯಲ್ಲಿ ಹೊಳೆಯುವ ತೆಂಗಿನ ಗರಿಯ ಹಸಿರು ಕಾಗದದ ಮೇಲೆ ಮಂಕಾಗುವುದು ಇದರಿಂದ. ಐದು ನಿಮಿಷ ಹೋಯಿತು. ವಿಜ್ಞಾನದ ಅವಧಿಯಲ್ಲಿ ಮತ್ತೆ ಎತ್ತಿಕೊಳ್ಳಬಹುದು.

ನಕ್ಷೆ ಎಳೆಸುವಾಗ ಪ್ರಮಾಣದ ಬಗ್ಗೆ ಮುಂದಿನ ಪ್ರಶಿಕ್ಷಣಾರ್ಥಿಗಳು ಗಮನವಿಡಬೇಕು. ಒಂದೇ ನಕ್ಷಾ ಹಾಳೆಯಲ್ಲಿ ಮೂರೂ ಗೆರೆಗಳನ್ನು ತರಲು ಹೋದರೆ ಅಡ್ಡಕ್ಕೆ 1 ಸೆಂ.ಮೀ.ಗೆ 250 ಲೇಬಲ್ ಬೇಕಾಗುತ್ತದೆ. ಆಗ ಮೊದಲ ಎರಡು ಗೆರೆ ಸೇರುವ ಬಿಂದು ಮೂಲಬಿಂದುವಿನ ಪಕ್ಕದಲ್ಲೇ, ಅರ್ಧ ಸೆಂಟಿಮೀಟರೂ ಇಲ್ಲದ ದೂರದಲ್ಲಿ ಮುಚ್ಚಿಹೋಗುತ್ತದೆ. ನಾನು ಎರಡು ಹಾಳೆ ಬಳಸಿದೆ. ಮೊದಲನೆಯದರಲ್ಲಿ 1 ಸೆಂ.ಮೀ.ಗೆ 20 ಲೇಬಲ್, ಮೇಲಕ್ಕೆ ₹50. ಅದರಲ್ಲಿ ಸ್ವಂತ ಪ್ರಿಂಟರ್ ಮತ್ತು ಡಿಜಿಟಲ್ ಗೆರೆಗಳು ಸ್ಪಷ್ಟವಾಗಿ 100ರ ಮೇಲೆ, ₹300ರಲ್ಲಿ ಸೇರಿದವು. ವರ್ಜಿಸುವ ವಿಧಾನದಲ್ಲೂ 1.8ಲ = 180, ಆದ್ದರಿಂದ ಲ = 100.

“ಅಂಗಡಿ ಅಣ್ಣ ಹೇಳಿದ್ದೂ ನೂರೇ ಅಲ್ವಾ ಮಿಸ್?” ಎಂದು ಮೂರ್ನಾಲ್ಕು ಮಂದಿ ಒಟ್ಟಿಗೇ ಕೂಗಿದರು. ನೂರರವರೆಗೆ ಯಾವ ಗೆರೆ ಕೆಳಗಿದೆ, ನೂರರ ನಂತರ ಯಾವುದು ಕೆಳಗಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಿದರು. ಡಿಜಿಟಲ್ ಗೆರೆ ಮೂಲಬಿಂದುವಿನಿಂದ ಹೊರಡದೆ 180ರ ಎತ್ತರದಿಂದ ಹೊರಟದ್ದು ಏಕೆ ಎಂಬುದಕ್ಕೆ ಬಂದ ಉತ್ತರ: “ಪಾರ್ಸೆಲ್ ದುಡ್ಡು ಮೊದಲೇ ಕೊಟ್ಟಾಯ್ತಲ್ಲ.” ಸ್ಥಿರಪದದ ಬಗ್ಗೆ ಅಷ್ಟು ಸಾಕು ಎನಿಸಿತು.

ಎರಡನೇ ಹಾಳೆಯಲ್ಲಿ ಡಿಜಿಟಲ್ ಮತ್ತು ಆಫ್‌ಸೆಟ್. 0.8ಲ = 2000, ಲ = 2500. ಎರಡರಲ್ಲೂ ವೆಚ್ಚ ₹3180.

ಒಬ್ಬ ಹುಡುಗ ಸರಿಯಾದ ಆಕ್ಷೇಪಣೆ ಎತ್ತಿದ. 110 ಲೇಬಲ್ ಬೇಕಾದರೆ ನಾಲ್ಕು ಹಾಳೆ ಸಾಲದು, ಐದನೇ ಹಾಳೆಯ ಪೂರಾ ದುಡ್ಡು ಕೊಡಬೇಕು, ಹಾಗಾದರೆ ಗೆರೆ ಹೀಗೆ ನೇರ ಇರುವುದು ಹೇಗೆ? ಅವನು ಹೇಳಿದಂತೆ ನಿಜವಾದ ನಕ್ಷೆ ಗೆರೆಯಲ್ಲ, 25ಕ್ಕೊಂದರಂತೆ ಏರುವ ಮೆಟ್ಟಿಲು. ಹಲಗೆಯ ಮೇಲೆ ಆ ಮೆಟ್ಟಿಲುಗಳನ್ನು ಬರೆದು, ನಮ್ಮ ಗೆರೆ ಪ್ರತಿ ಮೆಟ್ಟಿಲಿನ ತುದಿಯನ್ನು ಮುಟ್ಟಿಕೊಂಡು ಹೋಗುವುದನ್ನು ತೋರಿಸಿದೆ. ಹಾಳೆ ಪೂರ್ತಿಯಾದಾಗಷ್ಟೇ ಗೆರೆ ಹೇಳುವ ಬೆಲೆ ನಿಜ, ನಡುವೆ ಖರ್ಚು ಗೆರೆಗಿಂತ ಮೇಲಿರುತ್ತದೆ. ಪಠ್ಯದಲ್ಲಿ ಇದಿಲ್ಲ ಎಂದು ಬಿಟ್ಟುಬಿಡುವ ಪ್ರಶ್ನೆ ಇದಲ್ಲ.

ಮೂರನೇ ಅವಧಿ: ಸಮಾಂತರ ರೇಖೆಗಳು ಮತ್ತು ಹೋಲ್‌ಸೇಲ್

ಪರಿಹಾರವೇ ಇಲ್ಲದ ಜೋಡಿಯನ್ನು ಹೇಳಿಕೊಡುವಾಗ ನಾವು ಸಾಮಾನ್ಯವಾಗಿ ಸಹಗುಣಕಗಳ ಅನುಪಾತ ಬರೆದು, ಸಮಾಂತರ, ಸೇರುವುದಿಲ್ಲ ಎಂದು ಮುಗಿಸುತ್ತೇವೆ. ಸೇರದ ಎರಡು ಗೆರೆಗಳಿಂದ ಯಾರಿಗೆ ಏನು ಪ್ರಯೋಜನ ಎಂದು ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಲೇಬಲ್ ವ್ಯಾಪಾರದಲ್ಲಿ ಆ ಪ್ರಯೋಜನ ಕಾಣುತ್ತದೆ.

ತಿಪಟೂರಿನ ಅಂಗಡಿಗೆ ವಾರಕ್ಕೆ ಒಂದೋ ಎರಡೋ ಲೇಬಲ್ ಕೆಲಸ ಬರುತ್ತದೆ, ಅದೂ ಐನೂರು, ಸಾವಿರದ ಲೆಕ್ಕದಲ್ಲಿ. ಅಷ್ಟಕ್ಕೆ ನಾಲ್ಕು ಪ್ಲೇಟು, ಡೈ ಮಾಡಿಸಿದರೆ ಉಳಿಯುವುದಿಲ್ಲ. ಆದರೆ ಬೆಂಗಳೂರಿನ ಹೋಲ್‌ಸೇಲಿನವರಿಗೆ ಅರಸೀಕೆರೆ, ಹಾಸನ, ತುಮಕೂರು, ಚಿತ್ರದುರ್ಗ ಎಲ್ಲ ಕಡೆಯ ಅಂಗಡಿಗಳಿಂದ ಫೈಲು ಬರುತ್ತದೆ. ಒಂದೇ ಅಳತೆ, ಒಂದೇ ಕಾಗದದ ಐದು ಕೆಲಸ ಸೇರಿದರೆ ಅವರು 25 ಜಾಗದ ಪ್ಲೇಟಿನಲ್ಲಿ ತಲಾ ಐದು ಜಾಗ ಹಂಚಿ ಒಟ್ಟಿಗೆ ಮುದ್ರಿಸುತ್ತಾರೆ. ಅಂಗಡಿಯವರು ಇದನ್ನು ‘ಗ್ಯಾಂಗ್ ಹಾಕೋದು’ ಎನ್ನುತ್ತಾರೆ. ಪ್ಲೇಟು ಮತ್ತು ಡೈಯ ₹2000 ಐದು ಪಾಲಾಗಿ ತಲಾ ₹400. ಫೈಲು, ಪಾರ್ಸೆಲ್ ₹180 ಹಾಗೇ ಇರುತ್ತದೆ.

ವ = 0.4ಲ + 580

ಹಳೆಯ ಆಫ್‌ಸೆಟ್ ಗೆರೆಯ ಕೆಳಗೆ ಈ ಹೊಸ ಗೆರೆಯನ್ನು ಎಳೆಸಿದೆ. ಎರಡೂ ಸಮಾಂತರ, ನಡುವಿನ ಅಂತರ ಎಲ್ಲಿ ಅಳೆದರೂ ₹1600. ಮೆಷಿನ್ ಅದೇ, ಕಾಗದ ಅದೇ, ಲೇಬಲ್ಲಿಗೆ 40 ಪೈಸೆ ಅದೇ. ಬದಲಾದದ್ದು ಸ್ಥಿರಪದ ಮಾತ್ರ. ಡಿಜಿಟಲ್ ಗೆರೆಯನ್ನು ಇದು ದಾಟುವುದು 0.8ಲ = 400, ಅಂದರೆ 500ರಲ್ಲಿ. ಒಬ್ಬರೇ ಮಾಡಿಸಿದಾಗ 2500 ಇಲ್ಲದೆ ಗಿಟ್ಟದಿದ್ದದ್ದು ಐವರು ಸೇರಿದಾಗ ಐನೂರಕ್ಕೇ ಗಿಟ್ಟಿತು. ಊರೂರಿನ ಬೋರ್ಡಿನ ಅಂಗಡಿಗಳು ಹೋಲ್‌ಸೇಲಿನವರನ್ನು ಬಿಟ್ಟು ಬದುಕಲಾಗದ್ದು ಈ ₹1600ರ ಅಂತರಕ್ಕೆ. ಅಂಗಡಿಯವರು ಸಾಲ ಮಾಡಿ ಆಫ್‌ಸೆಟ್ ಮೆಷಿನನ್ನೇ ತಂದುಕೊಂಡರೂ ಪಕ್ಕದ ನಾಲ್ಕು ಊರಿನ ಕೆಲಸವನ್ನು ತಂದುಕೊಳ್ಳಲಾರರು.

ಮೂಲೆಯಲ್ಲಿ ಬರೆದಿಟ್ಟ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಟ್ಟರು. ಮೂರು ಬಾಟಲಿಯ ಲೇಬಲ್ ಒಂದೇ ಅಳತೆ ಇರುವುದು ಗ್ಯಾಂಗಿನಲ್ಲಿ ಕೂರಬೇಕಾದದ್ದರಿಂದ. ದುಂಡಗಿನ ಲೇಬಲ್ ಬೇಕೆಂದವರು ಬೇರೆ ಡೈಯ ₹800 ಒಬ್ಬರೇ ಹೊರಬೇಕು. ಕೆಲಸಗಳ ಪ್ರಮಾಣ ಬೇರೆ ಬೇರೆಯಾದರೆ? 1000 ಬೇಕಾದವರಿಗೆ 10 ಜಾಗ, 500 ಬೇಕಾದವರಿಗೆ 5 ಜಾಗ, ಪ್ಲೇಟಿನ ಖರ್ಚೂ ಅದೇ ಅನುಪಾತದಲ್ಲಿ. ಇದನ್ನು ಮನೆಗೆಲಸಕ್ಕೆ ಕೊಟ್ಟೆ.

ಗ್ಯಾಂಗಿನ ಬೆಲೆ ರೂಪಾಯಿಯಲ್ಲಿ ಮಾತ್ರ ಇಲ್ಲ ಎಂಬುದನ್ನು ಹೇಳದಿದ್ದರೆ ಪಾಠ ಅರ್ಧವಾಗುತ್ತಿತ್ತು. ಪ್ಲೇಟ್ ತುಂಬುವವರೆಗೆ ಕಾಯಬೇಕು. ಹಬ್ಬ, ಮದುವೆ ಕಾಲದಲ್ಲಿ ಹೋಲ್‌ಸೇಲಿನವರ ಬಳಿ ಕೆಲಸ ಗುಡ್ಡೆಬೀಳುತ್ತದೆ, ಸಣ್ಣ ಊರಿನ ಸಣ್ಣ ಕೆಲಸ ಹಿಂದಾಗುತ್ತದೆ. ಬಣ್ಣವನ್ನು ಒಬ್ಬರಿಗಾಗಿ ತಿದ್ದುವುದಿಲ್ಲ. “ನಮ್ಮ ಹಸಿರು ಸರಿ ಮಾಡಕ್ಕೆ ಹೋದ್ರೆ ಪಕ್ಕದೋರ ಕೆಂಪು ಕೆಡುತ್ತೆ ಮೇಡಂ, ಕೇಳೋ ಹಾಗೇ ಇಲ್ಲ” ಎಂದು ಅಂಗಡಿಯವರು ಹೇಳಿದ್ದರು. ‘ವ’ ಎಂಬ ಅಕ್ಷರದೊಳಗೆ ಈ ಕಾಯುವ ದಿನಗಳಿಗೆ ಜಾಗವಿಲ್ಲ.

ಮಕ್ಕಳು ಎತ್ತಿದ ಎರಡು ತಕರಾರು

ಲೇಬಲ್ಲಿಗೆ ಅಂಗಡಿಯವರು ಗಿರಾಕಿಯಿಂದ ₹3.50 ತೆಗೆದುಕೊಳ್ಳುತ್ತಾರೆ ಎಂದು ಹೇಳಿದ ಕೂಡಲೇ ತರಗತಿ ಸಿಟ್ಟಾಯಿತು. “ಬೆಂಗಳೂರಲ್ಲಿ ಒಂದು ರೂಪಾಯಿ ಇಪ್ಪತ್ತು ಪೈಸೆ, ಇಲ್ಲಿ ಮೂರೂವರೆ! ಮೋಸ ಅಲ್ವಾ ಮಿಸ್?” ಇದನ್ನು ನೈತಿಕ ಪ್ರಶ್ನೆಯಾಗಿ ಬಿಡದೆ ಲೆಕ್ಕವಾಗಿ ತೆಗೆದುಕೊಂಡೆವು. 200 ಲೇಬಲ್ಲಿನ ಕೆಲಸ. ಗಿರಾಕಿ ಕೊಡುವುದು ₹700. ಹೋಲ್‌ಸೇಲಿಗೆ ಹೋಗುವುದು 240 + 180 = ₹420. ಉಳಿಯುವುದು ₹280. ಅದರಲ್ಲಿ ವಿನ್ಯಾಸ, ಹತ್ತು ಸಲದ ತಿದ್ದುಪಡಿ, ಅಂಗಡಿ ಬಾಡಿಗೆ, ಕರೆಂಟು. ಫೈಲಿನಲ್ಲಿದ್ದ ತಪ್ಪಿಗೆ ಹೋಲ್‌ಸೇಲಿನವರು ಹೊಣೆಯಲ್ಲ. ಒಂದು ಕೆಲಸ ಕೆಟ್ಟು ಮರುಮುದ್ರಣವಾದರೆ ಮತ್ತೆ ₹420 ಕೈಯಿಂದ. ಅದನ್ನು ತುಂಬಿಕೊಳ್ಳಲು ಇಂಥ ಒಂದೂವರೆ ಕೆಲಸದ ಉಳಿಕೆ ಬೇಕು.

ಕೆಡುವುದು ಹೇಗೆ ಎಂದರೆ, ಕನ್ನಡದ ಕಾರಣಕ್ಕೇ ಕೆಡುತ್ತದೆ. ಡಿಸೈನಿನವರಲ್ಲಿ ಹಲವರು ಈಗಲೂ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಬಳಸುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ‘ಕೊಬ್ಬರಿ ಎಣ್ಣೆ’ ಇದ್ದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅದಕ್ಕೇ ಕಳುಹಿಸುವ ಮುಂಚೆ ಅಕ್ಷರಗಳನ್ನು ‘ಕರ್ವ್ಸ್’ ಮಾಡಬೇಕು, ಅಂದರೆ ಅಕ್ಷರವನ್ನು ಬರಹವಾಗಿ ಉಳಿಸದೆ ಚಿತ್ರದ ಗೆರೆಗಳನ್ನಾಗಿ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಅದಕ್ಕೂ ಮುಂಚೆ ಒತ್ತಕ್ಷರವನ್ನೆಲ್ಲ ಕಣ್ಣಿಟ್ಟು ಓದಿರಬೇಕು. ಸುಲ್ತಾನ್‌ಪೇಟೆಯಲ್ಲಿ ದಿನಕ್ಕೆ ರಾಶಿ ಫೈಲು ಹಾಕುವ ಆಪರೇಟರ್ ಅದನ್ನು ಓದುವುದಿಲ್ಲ. ಆನ್‌ಲೈನ್‌ನಲ್ಲೇ ಮಾಡಿಸಬಹುದಲ್ಲ ಎಂದ ಹುಡುಗನಿಗೆ ಇದನ್ನೇ ಹೇಳಿದೆ. ಊರಿನ ಅಂಗಡಿಯವರು ಮಾರುತ್ತಿರುವುದು ಬರೀ ಮುದ್ರಣವಲ್ಲ. ಅವರಿಗೆ ₹280 ಹೆಚ್ಚೋ ಕಡಿಮೆಯೋ ಎಂಬ ಮತಕ್ಕೆ ಕೈ ಎತ್ತಿಸಿದಾಗ ತರಗತಿ ಎರಡು ಭಾಗವಾಯಿತು. ನನ್ನ ಮಟ್ಟಿಗೆ ಅದು ಕಡಿಮೆಯೇ.

ಎರಡನೇ ತಕರಾರು ಗಾಣದ ಮನೆಯ ಹುಡುಗಿಯದು. 2500 ಮಾಡಿಸಿದರೆ ಒಂದಕ್ಕೆ ₹1.27 ಬೀಳುತ್ತದೆ, ಅದೇ ಅಗ್ಗ ಎಂದು ಉಳಿದವರು ತೀರ್ಮಾನಿಸಿದ್ದರು. “ನಮ್ಮಮ್ಮ ಅಷ್ಟು ಯಾವತ್ತೂ ಮಾಡ್ಸಲ್ಲ ಮಿಸ್. ಕೊಬ್ರಿ ರೇಟು ಏರಿದ್ರೆ ಲೇಬಲ್ ಮೇಲಿರೋ ರೇಟು ಏನ್ ಮಾಡೋದು?” ಎಂದಳು. ಅವಳು ಹೇಳಿದ್ದು ಕಾನೂನಿನ ವಿಷಯವೂ ಹೌದು. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇರಬೇಕು. ಆಹಾರವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯೂ ಬೇಕು. ಮುದ್ರಿತ ಬೆಲೆಯನ್ನು ಇಳಿಸಲು, ಹಳೆಯದು ಕಾಣುವಂತೆ, ಇನ್ನೊಂದು ಚೀಟಿ ಅಂಟಿಸಬಹುದು. ಏರಿಸಿ ಅಂಟಿಸುವಂತಿಲ್ಲ.

ಲೆಕ್ಕ ಹಾಕಿ ನೋಡಿದೆವು. ₹3180 ಕೊಟ್ಟು ಮಾಡಿಸಿದ 2500ರಲ್ಲಿ 1500 ಬಳಸಿ, ಬೆಲೆ ಬದಲಾಗಿ 1000 ಒಲೆಗೆ ಹೋದರೆ, ಬಳಸಿದ ಪ್ರತಿ ಲೇಬಲ್ಲಿಗೆ ಬಿದ್ದದ್ದು ₹2.12. ಅದೇ 1500ನ್ನು ಡಿಜಿಟಲ್‌ನಲ್ಲಿ ಮಾಡಿಸಿದ್ದರೆ ₹1980, ಒಂದಕ್ಕೆ ₹1.32. ಬೆಲೆ, ತಿಂಗಳು, ಬ್ಯಾಚ್ ಸಂಖ್ಯೆಯ ಜಾಗವನ್ನು ಖಾಲಿ ಚೌಕವಾಗಿ ಬಿಟ್ಟು ಬಾಟಲಿ ತುಂಬಿಸುವಾಗ ಸ್ಟ್ಯಾಂಪ್ ಹೊಡೆಯುವುದು ಇದಕ್ಕೆ ಜನ ಕಂಡುಕೊಂಡಿರುವ ಉಪಾಯ. ಮೇಜಿನ ಮೇಲಿದ್ದ ಮೂರು ಬಾಟಲಿಗಳಲ್ಲಿ ಎರಡರ ಮೇಲೆ ಆ ಸ್ಟ್ಯಾಂಪಿನ ನೇರಳೆ ಶಾಯಿ ಇತ್ತು. ಮೂರು ದಿನ ನೋಡಿದ್ದ ಮಕ್ಕಳು ಆಗ ಎದ್ದು ಬಂದು ಮತ್ತೆ ನೋಡಿದರು.

ಮೌಲ್ಯಮಾಪನ

ಕಿರುಪರೀಕ್ಷೆಯಲ್ಲಿ ನಾಲ್ಕು ಪ್ರಶ್ನೆ ಕೊಟ್ಟಿದ್ದೆ. ಮೊದಲ ಮೂರು ಬಿಡಿಸುವ, ನಕ್ಷೆ ಎಳೆಯುವ ಪ್ರಶ್ನೆಗಳು, ಅವುಗಳ ಬಗ್ಗೆ ವಿಶೇಷವಾಗಿ ಹೇಳುವುದೇನಿಲ್ಲ. ಗುಣಿಸುವಾಗ ದಶಮಾಂಶ ಬಿಂದು ಜಾರಿಸುವುದು ಇನ್ನೂ ಇದೆ. ನಾಲ್ಕನೆಯದು: ಒಂದು ಮನೆಯವರಿಗೆ 500 ಲೇಬಲ್ ಬೇಕು, ಡಿಜಿಟಲ್ ಮಾಡಿಸಬೇಕೋ ಗ್ಯಾಂಗಿನಲ್ಲೋ, ಕಾರಣ ಸಹಿತ ಬರೆಯಿರಿ. 500ರಲ್ಲಿ ಎರಡರ ವೆಚ್ಚವೂ ₹780 ಎಂಬುದನ್ನು ಹೆಚ್ಚಿನವರು ಕಂಡುಹಿಡಿದು, ಎರಡೂ ಒಂದೇ ಎಂದು ಅಲ್ಲಿಗೇ ನಿಲ್ಲಿಸಿದ್ದರು. ಅವರಿಗೆ ಅರ್ಧ ಅಂಕ.

ಗಾಣದ ಮನೆಯ ಹುಡುಗಿ ಬರೆದದ್ದು: ‘ದುಡ್ಡು ಎರಡಕ್ಕೂ ಒಂದೇ. ಡಿಜಿಟಲ್ ಆದರೆ ಪ್ಲೇಟ್ ತುಂಬುವವರೆಗೆ ಕಾಯಬೇಕಾಗಿಲ್ಲ. ಆದ್ದರಿಂದ ಡಿಜಿಟಲ್.’ ಮೆಟ್ಟಿಲಿನ ಪ್ರಶ್ನೆ ಕೇಳಿದ್ದ ಹುಡುಗ ಗ್ಯಾಂಗ್ ಎಂದು ಬರೆದಿದ್ದ. ಅವನ ಕಾರಣ: ‘500 ಎಂದವರು ಕೊನೆಗೆ 600 ಮಾಡಿಸುತ್ತಾರೆ. 600ಕ್ಕೆ ಡಿಜಿಟಲ್ 900, ಗ್ಯಾಂಗ್ 820.’ ಇಬ್ಬರಿಗೂ ಪೂರ್ಣ ಅಂಕ ಕೊಟ್ಟೆ.